ಎರಡು ಮನೆ, ಒಂದೇ ಫ್ಯೂಸ್

ನಮ್ಮ ಚಿಕ್ಕಮ್ಮನನ್ನು ಓಣಿಯವರೆಲ್ಲ ವೈರಕ್ಕ ಎಂದು ಕರೆಯುತ್ತಾರೆ. ಮನೆಗಳಿಗೆ ವೈರಿಂಗ್ ಮಾಡುವುದು ಅವಳ ಕೆಲಸ. ಅವಳ ಎಡಗಿವಿಯ ಮೇಲೆ ಕೂದಲು ಬೆಳೆಯದ ಒಂದು ಜಾಗವಿದೆ. ಅದೇನೆಂದು ಕೇಳಿದವರಿಗೆ "ಒಂದು ಸಾಕೆಟ್ ಹಾಕೋಕೆ ಹೋಗಿದ್ದೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಆ ಸಾಕೆಟ್ಟಿನ ಕತೆ ಇದು. ಅವಳು ಹೇಳಿದ್ದನ್ನೂ ಚಿಕ್ಕಪ್ಪ ಹೇಳಿದ್ದನ್ನೂ ಕೂಡಿಸಿ ಬರೆದಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಹೊಂದಲಿಲ್ಲ ಎಂದೇ ಬರೆದಿದ್ದೇನೆ.

ಮೊದಲು ವೈರಿಂಗ್ ಮಾಡುತ್ತಿದ್ದವನು ಚಿಕ್ಕಪ್ಪ. ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಇದು ಬಹಳ ಕಾಲ ಅವನಿಗೇ ಗೊತ್ತಿರಲಿಲ್ಲ. ಕೆಂಪು ತಂತಿಯಲ್ಲಿ ಕರೆಂಟು ಬರುತ್ತದೆ. ಹಸಿರು ತಂತಿ ಅರ್ತಿನದು, ಅಂದರೆ ಯಂತ್ರದ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಇಳಿಸುವಂಥದು. ಒಂದು ಮನೆಯಲ್ಲಿ ಅವನು ಎರಡನ್ನೂ ಅದಲುಬದಲು ಮಾಡಿಬಿಟ್ಟ. ಆ ಮನೆಯ ಮುದುಕ ಫ್ರಿಜ್ಜಿನ ಹಿಡಿಕೆ ಹಿಡಿದವನು ಬಿಡಲಾರದೆ ಅದುರುತ್ತ ನಿಂತ. ಮಗ ಓಡಿಬಂದು ಒಣ ಕಟ್ಟಿಗೆಯಿಂದ ಅಪ್ಪನ ಮುಂಗೈಗೆ ಹೊಡೆದು ಬಿಡಿಸಿದ. ಮುದುಕ ಬದುಕಿದ. ಆಮೇಲೆ ಮಗ ಅದೇ ಕಟ್ಟಿಗೆ ಹಿಡಿದು ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ. ಕಟ್ಟಿಗೆ ಮುರಿಯುವ ತನಕ ಹೊಡೆದ. ಚಿಕ್ಕಪ್ಪ ಒಂದು ಏಟನ್ನೂ ತಪ್ಪಿಸಿಕೊಳ್ಳಲಿಲ್ಲವಂತೆ. "ನ್ಯಾಯವಾದ ಏಟು, ತಿನ್ನಲೇಬೇಕಿತ್ತು" ಅನ್ನುತ್ತಾನೆ.

ಅಲ್ಲಿಂದ ಮುಂದೆ ಗೋಡೆ ಕೊರೆಯುವುದು, ಪೈಪು ಹೂಳುವುದು ಚಿಕ್ಕಪ್ಪನ ಪಾಲಾಯಿತು. ತಂತಿ ಕೂಡಿಸುವುದು ಚಿಕ್ಕಮ್ಮನ ಪಾಲಾಯಿತು. "ಗಂಡ ಒಡೀತಾನೆ, ಹೆಂಡ್ತಿ ಕೂಡಿಸ್ತಾಳೆ" ಎಂದು ಓಣಿಯವರು ನಗುತ್ತಿದ್ದರು.

ಚಿಕ್ಕಮ್ಮ ಕೆಲಸ ಕಲಿತದ್ದು ಗಂಡನಿಂದ ಅರ್ಧ, ಅಪ್ಪನಿಂದ ಅರ್ಧ. ಅವಳ ಅಪ್ಪ, ಅಂದರೆ ನಮ್ಮ ಅಜ್ಜ, ಕರೆಂಟು ಕಂಬದ ಕೆಲಸದವನು. ಜೊತೆಯವನೊಬ್ಬ ಕಂಬದ ಮೇಲಿದ್ದಾಗ ಕೆಳಗೆ ಯಾರೋ ತಿಳಿಯದೆ ಸ್ವಿಚ್ಚು ಎಳೆದಿದ್ದರು. ಅವನು ತಂತಿಯ ಮೇಲೆಯೇ ಹೊಗೆಯಾಡುತ್ತ ಜೋತುಬಿದ್ದದ್ದನ್ನು ಅಜ್ಜ ನೋಡಿದ್ದ. ಆಮೇಲೆ ಅಜ್ಜ ಕಂಬ ಹತ್ತುವ ಮೊದಲು ಎಲ್ಲ ತಂತಿಗಳನ್ನೂ ಒಂದು ಸರಪಳಿಯಿಂದ ಸೇರಿಸಿ, ಅದರ ತುದಿಯನ್ನು ನೆಲದೊಳಗಿನ ಕಬ್ಬಿಣಕ್ಕೆ ಕಟ್ಟುತ್ತಿದ್ದ. ಹಾಗೆ ಕಟ್ಟಿದರೆ ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ಸರಪಳಿ ಹಿಡಿದು ನೆಲಕ್ಕಿಳಿಯುತ್ತದೆ. ಏನು ಸಿಡಿದರೂ ಬಿಟ್ಟವನ ಕಡೆ ಸಿಡಿಯುತ್ತದೆ. ಮೇಲಿದ್ದವನು ಉಳಿಯುತ್ತಾನೆ.

ಮನೆ ವೈರಿಂಗಿನವರು ಇದನ್ನು ಮಾಡುವುದಿಲ್ಲ. ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರೆ ಅವರಿಗೆ ಅಷ್ಟು ಸಾಕು. ಚಿಕ್ಕಮ್ಮ ಫ್ಯೂಸನ್ನೂ ಜೇಬಿಗೆ ಹಾಕಿಕೊಳ್ಳುತ್ತಾಳೆ, ದಪ್ಪ ತಂತಿಗೆ ಮೂರು ಕ್ಲಿಪ್ಪು ಹಾಕಿ ತಾನೇ ಮಾಡಿಕೊಂಡ ಸಣ್ಣ ಸರಪಳಿಯಿಂದ ಬೋರ್ಡಿನ ಒಳಗಿನ ತಂತಿಗಳನ್ನೂ ಅರ್ತಿಗೆ ಕಟ್ಟುತ್ತಾಳೆ. ಬೇರೆ ವೈರಿಂಗಿನವರು "ವೈರಕ್ಕ ಬೋರ್ಡಿಗೆ ಬೇಡಿ ಹಾಕ್ತಾಳಪ್ಪ, ಎಲ್ಲಿ ಓಡಿಹೋಗುತ್ತೋ ಅಂತ" ಎಂದು ಆಡಿಕೊಳ್ಳುತ್ತಿದ್ದರು.

ಅವಳನ್ನು ಕರೆದ ಮನೆ ಇಬ್ಬರು ಅಣ್ಣತಮ್ಮಂದಿರದು. ಅಪ್ಪ ಸತ್ತ ಮೇಲೆ ನಡುಮನೆಯಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ ಮನೆಯನ್ನು ಎರಡಾಗಿ ಸೀಳಿಕೊಂಡಿದ್ದರು. ಗೋಡೆ ಒಂದು ಕಿಟಕಿಯ ಮಧ್ಯಕ್ಕೇ ಹೋಗಿ ತಾಗಿತ್ತು. ಅರ್ಧ ಕಿಟಕಿ ಅಣ್ಣನಿಗೆ, ಅರ್ಧ ತಮ್ಮನಿಗೆ. ಕರೆಂಟನ್ನು ಮಾತ್ರ ಸೀಳಲು ಆಗಿರಲಿಲ್ಲ. ಮೀಟರೂ ಪಿಂಗಾಣಿಯ ದೊಡ್ಡ ಫ್ಯೂಸೂ ಹೊರಗಿನ ಜಗಲಿಯಲ್ಲಿದ್ದವು. ಬೋರ್ಡು ಅಣ್ಣನ ನಡುಮನೆಯಲ್ಲಿತ್ತು. ಅಲ್ಲಿಂದ ಎರಡೂ ಮನೆಗೆ ತಂತಿ ಹೋಗುತ್ತಿತ್ತು.

ಜಗಳವಾದಾಗಲೆಲ್ಲ ಅಣ್ಣ ಜಗಲಿಯ ಫ್ಯೂಸು ಕಿತ್ತು ಒಳಗಿಟ್ಟುಕೊಳ್ಳುತ್ತಿದ್ದ. ತನ್ನ ಮನೆಯ ದೀಪವೂ ಹೋಗುತ್ತಿತ್ತು, ಅದಕ್ಕೆ ಅವನು ಲೆಕ್ಕವಿಡುತ್ತಿರಲಿಲ್ಲ. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವ ಜಾತಿ. ತಮ್ಮ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ದಪ್ಪ ತಾಮ್ರದ ತಂತಿಯ ತುಂಡೊಂದನ್ನು ಬಗ್ಗಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ದೀಪ ಹೋದಾಗಲೆಲ್ಲ ಜಗಲಿಗೆ ಬಂದು ಫ್ಯೂಸಿನ ಜಾಗಕ್ಕೆ ಅದನ್ನು ತುರುಕಿ ಹೋಗುತ್ತಿದ್ದ. ಬೇರೆ ಯಾವ ಮನೆಯಲ್ಲಾದರೂ ಫ್ಯೂಸು ಇಲ್ಲ ಅಂದರೆ ಯಾರೋ ಕೆಲಸ ಮಾಡುತ್ತಿದ್ದಾರೆ ಎಂದು ಅರ್ಥ. ಆ ಮನೆಯಲ್ಲಿ ಮಾತ್ರ ಅಣ್ಣ ಕೆಣಕುತ್ತಿದ್ದಾನೆ ಎಂದು ಅರ್ಥ. ಚಿಕ್ಕಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ.

ಅಣ್ಣನ ಹೆಂಡತಿ ಮನೆಯಲ್ಲೇ ಬ್ರೆಡ್ಡು, ಬಿಸ್ಕತ್ತು ಸುಟ್ಟು ಅಂಗಡಿಗಳಿಗೆ ಕೊಡುತ್ತಿದ್ದಳು. ಹೊಸದಾಗಿ ದೊಡ್ಡ ಓವನ್ ತಂದಿದ್ದರು. ಅದರ ದಪ್ಪ ಪಿನ್ನು ಹಳೆಯ ಸಣ್ಣ ಸಾಕೆಟ್ಟಿಗೆ ಹಿಡಿಸದೆ, ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ್ದರು. ಎರಡನೆಯ ಸಲ ಬ್ರೆಡ್ಡು ಇಡುವಷ್ಟರಲ್ಲಿ ಅಡಾಪ್ಟರೂ ಸಾಕೆಟ್ಟೂ ಕರಗಿ ಒಂದಾಗಿದ್ದವು.

"ಸಾಕೆಟ್ ಬದಲಾಯಿಸಿಬಿಡಿ ವೈರಕ್ಕ" ಎಂದ ಅಣ್ಣ. ಹಳೆ ಕಬ್ಬಿಣದ ಅಂಗಡಿಯಲ್ಲಿ ಕೆಲಸ ಮಾಡುವವನು, ಬಾಗಿಲಿನಷ್ಟು ಅಗಲದ ಆಳು. "ದೊಡ್ಡ ತೂತಿಂದು ಹಾಕಿ, ಮುಗೀತು."

"ತೂತು ದೊಡ್ಡದು ಮಾಡ್ಬಹುದು. ಹಿಂದಿರೋ ತಂತಿ ಅದೇ ಸಣ್ಣದಲ್ವಾ? ಈಗ ಸಾಕೆಟ್ ಕರಗಿದೆ, ಕಣ್ಣಿಗೆ ಕಂಡಿದೆ. ದೊಡ್ಡ ಸಾಕೆಟ್ ಹಾಕಿದ್ರೆ ಅದು ಕರಗಲ್ಲ, ಗೋಡೆ ಒಳಗಿನ ತಂತಿ ಕರಗುತ್ತೆ. ಅದು ಕಣ್ಣಿಗೆ ಕಾಣಲ್ಲ. ಮನೆ ಹತ್ತಿಕೊಂಡ ಮೇಲೆ ಕಾಣುತ್ತೆ."

"ಮತ್ತೇನು ಮಾಡ್ಬೇಕು?"

"ಬೋರ್ಡಿಂದ ಓವನ್‌ಗೇ ಅಂತ ಬೇರೆ ಲೈನು ಎಳೀಬೇಕು. ನಾಲ್ಕು ಎಂಎಂ ತಂತಿ, ದಪ್ಪ ಅರ್ತು, ಅದಕ್ಕೇ ಒಂದು ಎಂಸಿಬಿ, ಜಾಸ್ತಿ ಎಳೆದ್ರೆ ತಾನೇ ಬೀಳೋ ಸ್ವಿಚ್ಚು. ಕೊನೇಲಿ ಹದಿನಾರು ಆಂಪಿನ ಸಾಕೆಟ್ಟು, ಅದೇ ಅಳತೆಯ ಸ್ವಿಚ್ಚು. ಆ ಲೈನಿಗೆ ಬೇರೆ ಏನನ್ನೂ ಕೂಡಿಸೋ ಹಾಗಿಲ್ಲ, ಒಂದು ಬಲ್ಬನ್ನೂ."

ಅಣ್ಣ ಗೊಣಗಿದ. ಹೆಂಡತಿ ಒಳಗಿನಿಂದಲೇ "ಅವ್ರು ಹೇಳಿದ ಹಾಗೆ ಮಾಡ್ಸಿ. ಬೂದಿ ಮಾರೋಕಾಗಲ್ಲ ನನಗೆ" ಎಂದಳು. ಹಾಗೆ ಒಪ್ಪಿಗೆಯಾಯಿತು.

ಪೈಪು ಹೋಗಬೇಕಾದದ್ದು ಆ ನಡುಗೋಡೆಯಲ್ಲೇ. ಫ್ಯೂಸು ಕೀಳುವ ಮೊದಲು ಚಿಕ್ಕಮ್ಮ ಕೇಳಿದಳು, "ಪಕ್ಕದ ಮನೆಗೂ ಕರೆಂಟು ಹೋಗುತ್ತೆ. ಅವರಿಗೆ ಹೇಳಿದ್ದೀರಾ?"

"ಹೇಳಿದ್ದೀನಿ" ಎಂದ ಅಣ್ಣ.

ಹೇಳಿರಲಿಲ್ಲ. ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಚಿಕ್ಕಮ್ಮ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡಳು. ಅವಳು ಕೆಲಸಕ್ಕೆ ಹೋಗುವಾಗ ಗಂಡನ ಹಳೆಯ ಅಂಗಿ ಹಾಕಿಕೊಳ್ಳುತ್ತಾಳೆ, ಜೇಬು ದೊಡ್ಡದಿರುತ್ತದೆ ಎಂದು. ಬೋರ್ಡಿನ ಮುಚ್ಚಳ ತೆಗೆದು, ಕರೆಂಟಿಲ್ಲ ಎಂದು ಟೆಸ್ಟರಿನಿಂದ ನೋಡಿ, ಮೂರು ಕಡೆ ಕ್ಲಿಪ್ಪು ಕಚ್ಚಿಸಿದಳು. ಚಿಕ್ಕಪ್ಪ ನಡುಗೋಡೆಯ ಇನ್ನೊಂದು ಕೊನೆಯಲ್ಲಿ ಉಳಿ ಹಾಕಿದ.

ಗೋಡೆಯ ಆಚೆ ತಮ್ಮ ಮಲಗಿದ್ದ. ರಾತ್ರಿಯೆಲ್ಲ ಲಾರಿಗೆ ಮೂಟೆ ತುಂಬಿ ಬಂದು ಹಗಲು ಮಲಗುವವನು. ಫ್ಯಾನು ನಿಂತಿತು. ಸೆಕೆಗೆ ಮೈ ಬೆವರಿತು. ಅಷ್ಟರಲ್ಲಿ ಅವನ ತಲೆಯ ಹತ್ತಿರವೇ ಗೋಡೆ ಧಡ್ ಧಡ್ ಎನ್ನತೊಡಗಿತು. ಕಣ್ಣುಬಿಟ್ಟಾಗ ಗಾರೆಯ ಚೂರು ಅವನ ದಿಂಬಿನ ಮೇಲೆ ಬೀಳುತ್ತಿತ್ತು.

ಅವನು ಜಗಲಿಗೆ ಬಂದಾಗ ಅಣ್ಣ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ಏನೋ, ಕರೆಂಟ್ ಕಿತ್ತಿದ್ದೂ ಅಲ್ದೆ ಗೋಡೇನೂ ಒಡೀತಿದ್ದೀಯಾ?"

"ಒಡೀತೀನಿ. ನನ್ನ ಗೋಡೆ."

"ಅರ್ಧ ನಂದು."

"ನಿನ್ನ ಅರ್ಧಾನ ನೀನು ಹಿಡ್ಕೊಂಡು ನಿಂತ್ಕೋ. ನನ್ನ ಅರ್ಧ ನಾನು ಒಡ್ಕೋತೀನಿ."

ಒಳಗೆ ಒಬ್ಬ ಹೆಂಗಸು ಬೋರ್ಡಿನಲ್ಲಿ ಕೈಯಿಟ್ಟಿದ್ದಾಳೆ ಎಂಬ ಒಂದು ಮಾತು ಅಣ್ಣನ ಬಾಯಿಂದ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ತಮ್ಮ ಉರಿಯುವುದನ್ನು ನೋಡುತ್ತ ಅವನು ನಗುತ್ತಿದ್ದನಂತೆ.

ತಮ್ಮ ಆ ನಗುವಿಗೇ ಗುದ್ದಿದ. ಅಣ್ಣನ ಮುಂದಿನ ಹಲ್ಲು ತುಟಿಯನ್ನು ಸೀಳಿಕೊಂಡು ಹೊರಬಂತು. ಅಣ್ಣ ರಕ್ತ ಉಗುಳಿ, ಜಗಲಿಯಲ್ಲಿ ಬಿದ್ದಿದ್ದ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ತಮ್ಮನ ಕಿವಿಯ ಮೇಲೆ ಬೀಸಿದ. ಕಿವಿ ಹರಿಯಿತು. ಸದ್ದು ಕೇಳಿ ಚಿಕ್ಕಪ್ಪ ಸುತ್ತಿಗೆ ಹಿಡಿದುಕೊಂಡೇ ಓಡಿಬಂದು ಇಬ್ಬರ ನಡುವೆ ತೂರಿದ. ಬಿಡಿಸಲು ಬಂದವನ ಕೈಯಲ್ಲಿ ಸುತ್ತಿಗೆ ಕಂಡ ತಮ್ಮ ಅವನ ಎದೆಗೆ ಒದ್ದ. ಪಕ್ಕೆಲುಬು ಮುರಿದ ಸದ್ದು ತನಗೇ ಕೇಳಿಸಿತು ಎನ್ನುತ್ತಾನೆ ಚಿಕ್ಕಪ್ಪ. ಅವನು ಮೆಟ್ಟಿಲ ಮೇಲೆ ಬಿದ್ದ, ಉಸಿರು ತಿರುಗಲಿಲ್ಲ. ತಮ್ಮ ಅಣ್ಣನ ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಅಣ್ಣ ಕುಸಿದು ಕೂತ.

ಆಮೇಲೆ ತಮ್ಮ ಮೀಟರಿನ ಕಡೆ ತಿರುಗಿ ಜೇಬಿಗೆ ಕೈಹಾಕಿದ.

ಚಿಕ್ಕಪ್ಪ ಆ ತಂತಿಯ ತುಂಡನ್ನು ನೋಡಿದ. ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಕೂಗಲು ಬಾಯಿ ತೆರೆದ, ಗಾಳಿಯೂ ಹೊರಡಲಿಲ್ಲ.

ಒಳಗೆ ಚಿಕ್ಕಮ್ಮನ ಎರಡು ಬೆರಳು ಬೋರ್ಡಿನ ತಾಮ್ರದ ಪಟ್ಟಿಯ ಮೇಲಿದ್ದವು. ದಪ್ಪ ತಂತಿಯನ್ನು ಒತ್ತಿಹಿಡಿದು ಸ್ಕ್ರೂ ಬಿಗಿ ಮಾಡುತ್ತಿದ್ದಳು. ಜಗಲಿಯ ಗಲಾಟೆ ಅವಳಿಗೆ ಕೇಳಿಸುತ್ತಿತ್ತು. ಫ್ಯೂಸು ತನ್ನ ಜೇಬಿನಲ್ಲಿದೆ, ಈ ಒಂದು ಸ್ಕ್ರೂ ಮುಗಿಸಿ ಹೋಗೋಣ ಅಂದುಕೊಂಡಳಂತೆ. "ಯಾರೂ ಏನೂ ಮುಟ್ಬೇಡಿ" ಎಂದು ಅವಳು ಕೂಗಿದ್ದು ತನಗೆ ಕೇಳಿಸಿತು ಅನ್ನುತ್ತಾನೆ ಚಿಕ್ಕಪ್ಪ. ತಾನು ಕೂಗಲೇ ಇಲ್ಲ ಅನ್ನುತ್ತಾಳೆ ಚಿಕ್ಕಮ್ಮ.

ತಮ್ಮ ತಂತಿ ತುರುಕಿದ.

ಬಂದೂಕು ಹಾರಿದ ಹಾಗೆ ಸದ್ದಾಯಿತು. ಕರೆಂಟು ಬೋರ್ಡಿನವರೆಗೆ ಬಂದು, ಕ್ಲಿಪ್ಪುಗಳ ದಾರಿ ಹಿಡಿದು ನೆಲಕ್ಕೆ ನುಗ್ಗಿತು. ಆ ನುಗ್ಗಿನ ಬಿಸಿಯೆಲ್ಲ ತಮ್ಮನ ಕೈಯಲ್ಲಿದ್ದ ತುಂಡಿನಲ್ಲಿ ಸಿಡಿಯಿತು. ನೀಲಿ ಬೆಂಕಿ ಜಗಲಿಯ ಅರ್ಧದಷ್ಟು ಉದ್ದಕ್ಕೆ ಹಾರಿತು. ಕರಗಿದ ತಾಮ್ರ ಅವನ ಅಂಗೈಗೂ ಕೆನ್ನೆಗೂ ಎರಚಿತು. ಪಿಂಗಾಣಿ ಒಡೆದು ಚೂರು ಹುಬ್ಬಿಗೆ ನಾಟಿತು. ಸುಟ್ಟ ಮಾಂಸದ ವಾಸನೆ ಬಂತು. ಕಂಬದ ಮೇಲೂ ಏನೋ ಠಪ್ಪೆಂದು, ಇಡೀ ಸಾಲಿನ ಮನೆಗಳ ಫ್ಯಾನುಗಳು ನಿಂತವು.

ಬೋರ್ಡಿನಲ್ಲಿ ಕ್ಲಿಪ್ಪುಗಳು ಕಿಡಿ ಕಾರಿ ಚಿಕ್ಕಮ್ಮನ ಬೆರಳ ತುದಿ ಕಪ್ಪಾಯಿತು. ಅವಳು ಹಿಂದಕ್ಕೆ ಬಿದ್ದಳು. ಬೀಳಿಸಿದ್ದು ಕರೆಂಟಲ್ಲ, ಹೆದರಿಕೆ. ತನ್ನ ಉಸಿರು ತನಗೆ ಕೇಳಿಸಿದ ಮೇಲೆಯೇ ಬದುಕಿದ್ದೇನೆ ಎಂದು ಗೊತ್ತಾಯಿತಂತೆ.

ಹೊರಗಿನಿಂದ ತಮ್ಮನ ಕೂಗು ಬಂತು. ಅದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಕುಸಿದಿದ್ದ ಅಣ್ಣ ಎದ್ದ. ಒಂದು ಗಳಿಗೆಯ ಹಿಂದೆ ತಮ್ಮನ ಕಿವಿ ಹರಿದವನು ಅವನೇ. ಈಗ ತಮ್ಮನ ಕೈ ನೋಡಿ ಅವನಿಗೆ ಹುಚ್ಚು ಹಿಡಿದಂತಾಯಿತು. ಒಳಗೆ ನುಗ್ಗಿ ನೆಲದ ಮೇಲಿದ್ದ ಚಿಕ್ಕಮ್ಮನ ಕೂದಲಿಗೆ ಕೈಹಾಕಿದ.

"ನನ್ನ ತಮ್ಮನ್ನ ಸುಟ್ಟುಬಿಟ್ಟೆಯಲ್ಲೇ. ಏನು ಕಟ್ಟಿಟ್ಟಿದ್ದೀಯೇ ಅಲ್ಲಿ?"

ಗೋಡೆಯಲ್ಲಿ ಚಿಕ್ಕಪ್ಪ ಪೈಪಿಗೆಂದು ಕೊರೆದ ಕಾಲುವೆಯ ಅಂಚು ಚೂಪಾಗಿತ್ತು. ಅಣ್ಣ ಅವಳನ್ನು ಅಲ್ಲಿಗೆ ಎಳೆದು ತಲೆಯನ್ನು ಅದಕ್ಕೇ ಬಡಿದ. ಎಡಗಿವಿಯ ಮೇಲಿನ ಚರ್ಮ ಕೂದಲ ಸಮೇತ ಎದ್ದು ಬಂತು. ತಮ್ಮನೂ ಒಳಗೆ ಬಂದ. ಸುಟ್ಟ ಕೈಯನ್ನು ಎದೆಗೊತ್ತಿಕೊಂಡು ಅವಳ ಹೊಟ್ಟೆಗೆ ಒದ್ದ. ಗೋಡೆ ಕಟ್ಟಿದ ಮೇಲೆ ಆ ಅಣ್ಣತಮ್ಮಂದಿರು ಒಟ್ಟಾಗಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಚಿಕ್ಕಪ್ಪ ತೆವಳಿಕೊಂಡು ಬಂದು ಸುತ್ತಿಗೆಯಿಂದ ಅಣ್ಣನ ಮೊಣಕಾಲಿಗೆ ಹೊಡೆದ. ಮಲಗಿದ್ದಲ್ಲಿಂದ ಹೊಡೆದ ಏಟು, ಜೋರಿರಲಿಲ್ಲ. ಅಣ್ಣ ಅವನ ಕಡೆ ತಿರುಗಿ ಕುತ್ತಿಗೆಗೆ ಕಾಲಿಟ್ಟ. ಆಗ ಅಣ್ಣನ ಹೆಂಡತಿ ಓವನ್ನಿನ ಕಬ್ಬಿಣದ ತಟ್ಟೆ ಎತ್ತಿಕೊಂಡು ಬಂದಳು. ಅದನ್ನು ಗಂಡನ ಬೆನ್ನಿಗೆ ಬಲವಾಗಿ ಬೀಸಿದಳು. ಅವನು ಬಗ್ಗಿ ನೆಲಕ್ಕೆ ಬಿದ್ದ.

"ಪಕ್ಕದ ಮನೆಗೆ ಹೇಳಿದ್ದೀನಿ ಅಂದ್ಯಲ್ಲ" ಎಂದಳು. ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲಂತೆ. "ಹೇಳಿದ್ಯಾ?"

ಅಣ್ಣ ತುಟಿಯ ರಕ್ತ ಒರೆಸಿಕೊಂಡ.

"ಏನು ಹೇಳ್ಬೇಕಿತ್ತು ನನಗೆ?" ಎಂದ ತಮ್ಮ.

"ಕೆಲಸ ನಡೀತಿದೆ, ಕರೆಂಟ್ ಮುಟ್ಬೇಡ ಅಂತ. ಇವ್ರು ಬೋರ್ಡಲ್ಲಿ ಕೈ ಇಟ್ಟಿದ್ರು ಕಣೋ. ನೀನು ತಂತಿ ಹಾಕಿದಾಗ."

ತಮ್ಮ ಚಿಕ್ಕಮ್ಮನ ಕಪ್ಪಾದ ಬೆರಳು ನೋಡಿದ, ತನ್ನ ಅಂಗೈ ನೋಡಿಕೊಂಡ. ಬಗ್ಗಿ, ಎಡಗೈಯಲ್ಲಿ ಚಿಕ್ಕಪ್ಪನ ಉಳಿ ಎತ್ತಿಕೊಂಡ. ಅಣ್ಣನ ಎದೆಯ ಮೇಲೆ ಮಂಡಿಯೂರಿ ಉಳಿಯ ಮೊನೆಯನ್ನು ಗಂಟಲಿಗಿಟ್ಟ. ಅಣ್ಣ ಕೈ ಎತ್ತಲಿಲ್ಲ. ಅವನ ಹೆಂಡತಿಯ ಕೈಯಿಂದ ತಟ್ಟೆ ಬಿತ್ತು. ಮೊನೆ ಒತ್ತಿದ ಕಡೆ ರಕ್ತದ ಒಂದು ಹನಿ ಕಾಣಿಸಿತು.

ಚಿಕ್ಕಮ್ಮ ಗೋಡೆ ಹಿಡಿದು ಎದ್ದಳು. ಮುಖದ ಒಂದು ಕಡೆಯೆಲ್ಲ ರಕ್ತ ಇಳಿಯುತ್ತಿತ್ತು. ಹತ್ತಿರ ಹೋಗಿ ತಮ್ಮನ ಸುಟ್ಟ ಕೈಯನ್ನು ಮುಂಗೈ ಬಳಿ ಹಿಡಿದುಕೊಂಡಳು.

"ಮೊದಲು ಇದನ್ನ ನೀರಿಗೆ ಹಿಡಿ. ಆಮೇಲೆ ಕೊಲ್ಲು. ಅವನೆಲ್ಲೂ ಹೋಗಲ್ಲ."

ಅವನು ಅಲುಗಾಡಲಿಲ್ಲ.

"ತಡ ಮಾಡಿದಷ್ಟೂ ಒಳಗೆ ಬೇಯುತ್ತೆ ಮಾರಾಯ. ಏಳು."

ಅವನು ಎದ್ದ. ಏಕೆ ಎದ್ದ ಎಂದು ಅವನಿಗೂ ಗೊತ್ತಿರಲಾರದು. ಚಿಕ್ಕಮ್ಮ ಅವನನ್ನು ಹಿತ್ತಲ ನಲ್ಲಿಗೆ ಎಳೆದುಕೊಂಡು ಹೋಗಿ, ಕೈಯನ್ನು ನೀರಿನ ಕೆಳಗೆ ಹಿಡಿದು ನಿಂತಳು. ಅವನು ಅಳತೊಡಗಿದ. ಅವಳು ಬಿಡಲಿಲ್ಲ. ಉಳಿ ಇನ್ನೂ ಅವನ ಎಡಗೈಯಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನೂ ಬಿಡಿಸಿಕೊಂಡಳು.

ಆಸ್ಪತ್ರೆಗೆ ಐವರೂ ಒಂದೇ ಗಾಡಿಯಲ್ಲಿ ಹೋದರು. ಚಿಕ್ಕಮ್ಮನ ತಲೆಗೆ ಹೊಲಿಗೆ ಬಿತ್ತು. ಚಿಕ್ಕಪ್ಪನ ಎದೆಗೆ ಪಟ್ಟಿ ಕಟ್ಟಿದರು. ಅಣ್ಣನ ಎರಡು ಹಲ್ಲು ಹೋದವು. ತಮ್ಮನ ಬಲಗೈಯ ಎರಡು ಬೆರಳು ಮುದುಡಿಕೊಂಡು ಹಾಗೆಯೇ ನಿಂತವು. ಮೂಟೆ ಎಳೆಯುವ ಕೊಕ್ಕೆಯನ್ನು ಅವನು ಇನ್ನು ಆ ಕೈಯಲ್ಲಿ ಹಿಡಿಯಲಾರ. ಪೊಲೀಸರಿಗೆ ಯಾರೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಯಾರ ಮೇಲೆ ಯಾರು ಎಂದು ಬರೆದುಕೊಳ್ಳುವುದೇ ಕಷ್ಟವಾಗುತ್ತಿತ್ತು.

ಕರೆಂಟು ಇಲಾಖೆಯವರು ಬಂದು ಕಂಬದಿಂದ ಜಗಲಿಯ ತನಕ ಸರಿಮಾಡಿ, ಹೊಸ ಫ್ಯೂಸಿಗೆ ಜಾಗ ಮಾಡಿ ಹೋದರು. ಬೋರ್ಡು ಬಾಯಿ ತೆರೆದುಕೊಂಡೇ ಇತ್ತು. ಎರಡೂ ಮನೆಯವರು ಮೇಣದಬತ್ತಿಯಲ್ಲಿ ಕೂತಿದ್ದರು. ಬೇರೆ ವೈರಿಂಗಿನವರು ಆ ಮನೆ ಎಂದ ಕೂಡಲೇ ಕೈ ಮುಗಿದುಬಿಡುತ್ತಿದ್ದರು. ಕೊನೆಗೆ ಅಣ್ಣನ ಹೆಂಡತಿ ಚಿಕ್ಕಮ್ಮನ ಮನೆ ಬಾಗಿಲಿಗೆ ಬಂದಳು.

ಚಿಕ್ಕಪ್ಪ ಎದ್ದು ನಿಂತ. "ಆ ಮನೆಗಾ? ಈ ಸಲ ನೀನು ಹೋದ್ರೆ ನಿನ್ನ ಹೆಣ ತರೋಕೆ ನನ್ನನ್ನ ಕರೀಬೇಡ."

"ನಿಮ್ಮನ್ನ ಕರೀದೆ ಗೋಡೆ ಯಾರು ಮುಚ್ತಾರೆ?" ಎಂದಳು ಚಿಕ್ಕಮ್ಮ. ಆಮೇಲೆ ಬಂದವಳ ಕಡೆ ತಿರುಗಿದಳು. "ತೆರೆದ ಬೋರ್ಡು ಬಿಟ್ಟು ಬಂದಿದ್ದೀನಿ, ನನಗೂ ನಿದ್ದೆ ಇಲ್ಲ. ಬರ್ತೀನಿ. ಆದ್ರೆ ನಾನು ಕೆಲಸ ಮಾಡುವಾಗ ಇಬ್ಬರೂ ನನ್ನ ಕಣ್ಣೆದುರಿಗೆ ಕೂತಿರ್ಬೇಕು. ಕೈ ಕಾಣೋ ಹಾಗೆ."

ಹಾಗೆಯೇ ಆಯಿತು. ಬೋರ್ಡಿನ ಎದುರಿಗೆ ಬೆಂಚು ಹಾಕಿಸಿದಳು. ಅಣ್ಣತಮ್ಮಂದಿರು ಅದರ ಎರಡು ತುದಿಯಲ್ಲಿ, ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಓವನ್ನಿನ ತಟ್ಟೆ ಹಿಡಿದುಕೊಂಡು. ಒಮ್ಮೆ ಅಣ್ಣ ನೊಣ ಓಡಿಸಲು ಕೈ ಎತ್ತಿದ. ಚಿಕ್ಕಮ್ಮನ ಸ್ಕ್ರೂಡ್ರೈವರ್ ನಿಂತಿತು. ಅವನು ಕೈ ಇಳಿಸುವ ತನಕ ಅದು ಅಲ್ಲೇ ನಿಂತಿತ್ತು.

ತಮ್ಮನ ಮನೆಗೆ ಬೋರ್ಡಿನಲ್ಲೇ ಬೇರೆ ಎಂಸಿಬಿ ಹಾಕಿದಳು. ಓವನ್ನಿನ ಲೈನನ್ನು ಅದರ ಎಂಸಿಬಿಗೆ ಕೂಡಿಸಿದಳು. ಸಾಕೆಟ್ಟಿನ ಹಿಂದೆ ಮೂರು ತಂತಿಗಳನ್ನೂ ಎಳೆದು ನೋಡಿ ಬಿಗಿಮಾಡಿದಳು. ಕ್ಲಿಪ್ಪು ಬಿಚ್ಚಿ, ಮುಚ್ಚಳ ಹಾಕಿ, ಫ್ಯೂಸು ಸಿಕ್ಕಿಸಿ, ಅರ್ತು ಸರಿಯಿದೆಯೇ ಎಂದು ಪರೀಕ್ಷೆ ಮಾಡಿ, ಆಮೇಲೆ ಓವನ್ ಹಚ್ಚಿಸಿದಳು. ಬ್ರೆಡ್ಡು ಬೇಯುವ ತನಕ ಕಾದು, ಸಾಕೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದಳು. ತಣ್ಣಗಿತ್ತು.

ಯಾರೂ ಬೆಂಚಿನಿಂದ ಎದ್ದಿರಲಿಲ್ಲ. ತಮ್ಮ ಕೇಳಿದ, "ಅಕ್ಕಾ, ಅವತ್ತು ಆ ಕ್ಲಿಪ್ಪು ನೀವು ಹಾಕ್ದೇ ಇದ್ದಿದ್ರೆ ನನ್ನ ಕೈ ಉಳೀತಿತ್ತು ಅಲ್ವಾ?"

ಚಿಕ್ಕಪ್ಪ ಗಾರೆ ಮೆತ್ತುವುದನ್ನು ನಿಲ್ಲಿಸಿದ. ಅಣ್ಣ ನೆಲ ನೋಡಿದ.

"ಉಳೀತಿತ್ತು" ಎಂದಳು ಚಿಕ್ಕಮ್ಮ. "ನಾನು ಉಳೀತಿರಲಿಲ್ಲ."

ಅವನು ತಲೆಯಾಡಿಸಿದ. ಚಿಕ್ಕಮ್ಮ ಪಕ್ಕಕ್ಕೆ ಬಂದು ಅವನ ಬಲಗೈಯನ್ನು ತೊಡೆಯ ಮೇಲಿನಿಂದ ಎತ್ತಿ, ಬೆಂಚಿನ ಒರಗಿನ ಮೇಲೆ ಇಟ್ಟಳು.

"ಕೆಳಗೆ ಇಳಿಬಿಡ್ಬೇಡ. ಮೇಲಿಟ್ಕೊಂಡಿದ್ರೆ ಊತ ಇಳಿಯುತ್ತೆ" ಎಂದಳು.